ಹಿಡಿ ಕಾಳು, ಎಕರೆ ಕಾಳು: ಕೊರಲೆ, ಬೆಳವ ಮತ್ತು ಎರೆಯ ಬೇಟೆ (ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ನೆಲೆಯಿಂದ ಒಂದು ವಿವೇಚನೆ)

ಸಾರಾಂಶ

ಬೆಳವಗಳನ್ನು ಸೆಳೆದು ಹೊಡೆಯಲೆಂದೇ ಕಾಳಿನ ಹೊಲ ಬೆಳೆಸುವ ಪದ್ಧತಿ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಬೇರೂರಿದೆ. ಅಲ್ಲಿ ಅದಕ್ಕಾಗಿ ಬಿತ್ತುವ ಧಾನ್ಯಗಳಲ್ಲಿ ಒಂದಾದ ಕೊರಲೆ ಭಾರತದಿಂದ ಹೋದದ್ದು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಒಣಭೂಮಿಯಲ್ಲಿ ಅದು ಇಂದಿಗೂ ಮನುಷ್ಯರ ಊಟ. ಒಂದೇ ಕಾಳು ಒಂದೆಡೆ ಅನ್ನವಾಗಿ, ಇನ್ನೊಂದೆಡೆ ಎರೆಯಾಗಿ ನೆಲೆಗೊಂಡ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಹೊಲವನ್ನೇ ಎರೆಯಾಗಿಸುವುದು ಬೇಟೆಗಾರನ ಜಾಣ್ಮೆಗಿಂತ ಹೆಚ್ಚಾಗಿ ಮಿಗತೆಯ ಕಾಳಿನ ಮತ್ತು ಭೂಮಿಯ ಒಡೆತನದ ಫಲ ಎಂಬುದು ಇಲ್ಲಿನ ವಾದ.

1. ಹಕ್ಕಿ ಮತ್ತು ಅದರ ಮೇಯುವ ರೀತಿ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಅತಿ ಕಡಿಮೆ ಮಳೆಯ ಸೀಮೆಗೆ ಸೇರಿದವು. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ಗಡಿನಾಡಿನಲ್ಲಿ ಕನ್ನಡದ ಬೆಳವ ತೆಲುಗಿನಲ್ಲಿ ಗುವ್ವ. ಜಾಲಿಯ ಮುಳ್ಳುಕೊಂಬೆಯ ಮೇಲೆ ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟಂತೆ ಗೂಡು ಕಟ್ಟಿ ಎರಡು ಮೊಟ್ಟೆಯಿಡುವ ಸಣ್ಣ ಬೆಳವವೂ ಕತ್ತಿನ ಹಿಂಬದಿಯಲ್ಲಿ ಕಪ್ಪು ಪಟ್ಟಿಯಿರುವ ಬೂದು ಬೆಳವವೂ ಇಂಥ ಒಣನೆಲಕ್ಕೆ ಹೊಂದಿಕೊಂಡ ಹಕ್ಕಿಗಳು.

ಬೆಳವಕ್ಕೂ ಕಾಳಿನ ಹೊಲಕ್ಕೂ ಇರುವ ನಂಟು ಅದರ ಕಾಲು ಕೊಕ್ಕುಗಳಲ್ಲಿಯೇ ಇದೆ. ಕೋಳಿಯಂತೆ, ಗೌಜಲದಂತೆ ಅದು ನೆಲ ಕೆದರುವುದಿಲ್ಲ. ಮಣ್ಣಿನ ಮೇಲೆ ಕಣ್ಣಿಗೆ ಕಾಣುವಂತೆ ಬಿದ್ದ ಕಾಳನ್ನಷ್ಟೇ ಒಂದೊಂದಾಗಿ ಹೆಕ್ಕುತ್ತದೆ. ಆದ್ದರಿಂದ ದಟ್ಟವಾಗಿ ನಿಂತ ಪೈರಿಗಿಂತ ಕೊಯ್ದು ಬಯಲಾದ ಹೊಲವೇ ಅದಕ್ಕೆ ಇಷ್ಟ. ಕೊರಳ ಚೀಲ ತುಂಬುವಷ್ಟು ಬೇಗಬೇಗ ನುಂಗಿ ಮರಕ್ಕೆ ಹಾರಿ, ಅಲ್ಲಿ ಕೂತು ಅರಗಿಸಿಕೊಳ್ಳುತ್ತದೆ. ಒಣಕಾಳು ತಿನ್ನುವ ಹಕ್ಕಿಯಾದ್ದರಿಂದ ನೀರಿನ ತಾಣಕ್ಕೂ ತಪ್ಪದೆ ಬರುತ್ತದೆ. ಬಹುಪಾಲು ಹಕ್ಕಿಗಳಂತೆ ಗುಟುಕಿಗೊಮ್ಮೆ ತಲೆಯೆತ್ತದೆ, ಕೊಕ್ಕನ್ನು ಅದ್ದಿಟ್ಟು ಒಂದೇ ಸಮನೆ ಹೀರುತ್ತದೆ. ಬಯಲಾದ ನೆಲ, ಉದುರಿದ ಸಣ್ಣಕಾಳು, ಹತ್ತಿರದಲ್ಲೊಂದು ಮರ, ಒಂದಿಷ್ಟು ನೀರು: ಈ ನಾಲ್ಕು ಕೂಡಿದ ಕಡೆ ಬೆಳವ ಕರೆಯದೆಯೇ ಬರುತ್ತದೆ. ಹಕ್ಕಿಯ ಈ ರೂಢಿಯನ್ನು ಬಲ್ಲವನಿಗೆ ಅದನ್ನು ಹಿಡಿಯುವ ದಾರಿಯೂ ಗೊತ್ತು.

2. ಕೊರಲೆಯ ಎರಡು ದಾರಿ

ಸಸ್ಯಶಾಸ್ತ್ರದಲ್ಲಿ ಯುರೋಕ್ಲೋವಾ ರಮೋಸಾ ಎಂದು ಕರೆಯುವ ಕೊರಲೆ ನವಣೆ, ಸಾಮೆಗಳ ಸಾಲಿನ ಸಿರಿಧಾನ್ಯ. ಮೂರು ತಿಂಗಳು ತುಂಬುವ ಮೊದಲೇ ಕೊಯ್ಲಿಗೆ ಬರುತ್ತದೆ, ಬಡನೆಲದಲ್ಲೂ ಬೆಳೆಯುತ್ತದೆ, ಬೇರೆ ಬೆಳೆ ಏಳದ ಹುಣಸೆಮರದ ನೆರಳಿನಲ್ಲೂ ತೆನೆ ಕೊಡುತ್ತದೆ. ಇದರ ದೋಷ ಒಂದೇ: ಮಾಗಿದ ಕಾಳು ತೆನೆಯಲ್ಲಿ ನಿಲ್ಲದೆ ಉದುರುತ್ತದೆ. ಕೊಯ್ಲು ಎರಡು ದಿನ ತಡವಾದರೆ ರೈತನ ಪಾಲು ನೆಲದ ಪಾಲಾಗುತ್ತದೆ. ಒಕ್ಕಲಿಗನಿಗೆ ನಷ್ಟವಾದ ಈ ಗುಣವೇ ಬೆಳವಕ್ಕೆ ವರ.

ಈ ಧಾನ್ಯದ ಹಳಮೆ ದೊಡ್ಡದು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಸಸ್ಯಾವಶೇಷಗಳ ಅಧ್ಯಯನವು ದಕ್ಷಿಣ ದಖನ್ನಿನ ನವಶಿಲಾಯುಗದ ಜನರ ಮುಖ್ಯ ಬೆಳೆಗಳಲ್ಲಿ ಕೊರಲೆ, ಹುರುಳಿ, ಹೆಸರುಗಳನ್ನು ಗುರುತಿಸಿದೆ. ಇಂಥ ನೆಲೆಗಳಲ್ಲಿ ಹೆಸರಾದ ಸಂಗನಕಲ್ಲು ನೆರೆಯ ಬಳ್ಳಾರಿಯದು. ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದ ಬ್ರಹ್ಮಗಿರಿ ಮೊಳಕಾಲ್ಮೂರು ತಾಲ್ಲೂಕಿನದೇ. ಅಂದರೆ ಕೊರಲೆ ಈ ಸೀಮೆಗೆ ಹೊರಗಿನಿಂದ ಬಂದ ಬೆಳೆಯಲ್ಲ, ಇಲ್ಲಿನ ಬೇಸಾಯದಷ್ಟೇ ಹಳೆಯದು.

1915ರಲ್ಲಿ ಕೊರಲೆಯ ಬೀಜ ಭಾರತದಿಂದ ಅಮೆರಿಕಕ್ಕೆ ಹೋಯಿತು. ಅದಕ್ಕೆ ಹಿಂದಿನ ವರ್ಷ, 1914ರ ಸೆಪ್ಟೆಂಬರ್ 1ರಂದು, ಅಲ್ಲಿನ ವಲಸೆ ಪಾರಿವಾಳದ ಸಂತತಿಯ ಕೊನೆಯ ಹಕ್ಕಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತ್ತು. ಕೋಟಿಗಟ್ಟಲೆ ಇದ್ದ ಆ ಹಕ್ಕಿಗಳನ್ನು ಕಾಳು ಚೆಲ್ಲಿ, ಬಲೆ ಬೀಸಿ, ಬಂಡಿಗಟ್ಟಲೆ ಹಿಡಿದು ಮಾರಿದ್ದರು. ಹೊಸ ನೆಲದಲ್ಲಿ ಕೊರಲೆ ಮನುಷ್ಯರ ತಟ್ಟೆಗೆ ಏರಲಿಲ್ಲ. ಒಣಹುಲ್ಲಾಗಿ, ಮೇವಾಗಿ, ಬೇಟೆಹಕ್ಕಿಗಳ ತೀನಿಯಾಗಿ ಉಳಿಯಿತು. ಸೂರ್ಯಕಾಂತಿಯ ಜೊತೆಗೆ ಅದನ್ನೂ ಬಿತ್ತಿ, ಬೇಟೆಯ ಋತು ತೆರೆಯುವ ಸೆಪ್ಟೆಂಬರಿಗೆ ಕಾಳು ಮಾಗುವಂತೆ ಲೆಕ್ಕ ಹಾಕಿ, ಪೈರನ್ನು ಪಟ್ಟೆಪಟ್ಟೆಯಾಗಿ ಸವರಿ ನೆಲ ಬಯಲಾಗಿಸಿ, ಅಂಚಿನಲ್ಲಿ ಕೋವಿ ಹಿಡಿದು ಕೂರುವುದು ಅಲ್ಲಿನ ಕ್ರಮ.

3. ಬಲೆಯ ಕಾಳು, ಹೊಲದ ಕಾಳು

ಕಾಳು ತೋರಿಸಿ ಹಕ್ಕಿ ಹಿಡಿಯುವುದು ನಮ್ಮಲ್ಲಿ ಕೇಳದ ಮಾತೇನಲ್ಲ. ಅಕ್ಕಿ ಚೆಲ್ಲಿ ಬಲೆ ಹಾಸಿದ ಬೇಡನನ್ನೂ, ಬಲೆಯ ಸಮೇತ ಹಾರಿಹೋದ ಕಪೋತರಾಜ ಚಿತ್ರಗ್ರೀವನನ್ನೂ ಪಂಚತಂತ್ರದಿಂದ ಬಲ್ಲೆವು. ಕನ್ನಡದಲ್ಲಿ ಇದಕ್ಕಿರುವ ಮಾತು ಎರೆ. ಇಂದಿನ ಬಳಕೆಯಲ್ಲಿ ಕಪ್ಪುಮಣ್ಣೂ ಎರೆ, ಗಾಳಕ್ಕೆ ಸಿಕ್ಕಿಸುವ ಹುಳುವೂ ಎರೆ. ಆದರೆ ಎರೆಹೊಲ ಎಂದಾಗ ನಮಗೆ ಹೊಳೆಯುವುದು ಮಣ್ಣೇ ಹೊರತು ಬೇಟೆಯಲ್ಲ. ಹೊಲವನ್ನು ಎರೆಯಾಗಿ ನೋಡುವ ಕಲ್ಪನೆಯೇ ಈ ಭಾಷೆಯ ರೂಢಿಯಲ್ಲಿ ಇಲ್ಲ.

ಇದಕ್ಕೆ ಕಾರಣ ಕರುಣೆಯೊಂದೇ ಎನ್ನುವಂತಿಲ್ಲ. ಈ ಸೀಮೆಯಲ್ಲಿ ಬಹುಸಂಖ್ಯೆಯಲ್ಲಿರುವ ಮ್ಯಾಸಬೇಡರ ಹೆಸರಿನಲ್ಲೇ ಬೇಟೆಯಿದೆ. ಹಾಗಿದ್ದೂ ಅವರ ಬದುಕಿನ ನಡುಗಂಬ ಪಶುಪಾಲನೆ: ಹಟ್ಟಿ, ದೇವರ ಎತ್ತು, ಅವನ್ನು ಕಾಯುವ ಕಿಲಾರಿ. ಕೋಳಿಮಾಂಸವನ್ನು ವರ್ಜಿಸುವ ಅವರ ಕಟ್ಟಳೆಯನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲೇ ದಾಖಲಿಸಿದ್ದಾನೆ. ಬೇಡ ಎಂದೊಡನೆ ಕಂಡ ಹಕ್ಕಿಯನ್ನೆಲ್ಲ ಕೊಲ್ಲುವವನು ಎಂದು ತಿಳಿಯುವುದು ತಪ್ಪು; ಬೇಟೆಗೂ ಅಲ್ಲಿ ಕುಲದ ಕಟ್ಟುಪಾಡುಗಳ ಚೌಕಟ್ಟಿತ್ತು.

ಹೆಚ್ಚು ಗಟ್ಟಿಯಾದ ಕಾರಣ ಕಾಳಿನ ಲೆಕ್ಕದಲ್ಲಿದೆ. ಮುಂಗಾರು ಕೈಕೊಟ್ಟರೆ ಬಿತ್ತಿದ ಬೀಜವೂ ಮರಳದ ನೆಲದಲ್ಲಿ ಎಕರೆಯನ್ನು ಹಕ್ಕಿಗೆ ಬಿತ್ತುವವರು ಯಾರು? ಕೊರಲೆಯ ಸಿಪ್ಪೆ ಬಿಡಿಸುವುದೇ ಒಂದು ದುಡಿಮೆ. ಬೀಸುಕಲ್ಲು, ಒನಕೆಗಳ ಮುಂದೆ ಹೆಂಗಸರು ಬೆವರಿಳಿಸಿದ ಮೇಲೆ ಸೇರಕ್ಕಿ ಕೈಗೆ ಬರುತ್ತಿತ್ತು. ಅಂಥ ಕಾಳಿಗೆ ಹಕ್ಕಿ ಬಂದರೆ ಅದು ಪ್ರತಿಸ್ಪರ್ಧಿ. ಅದಕ್ಕೇ ತೆನೆ ಹಾಲುಗಟ್ಟಿದ ದಿನದಿಂದ ಹೊಲದ ನಡುವೆ ಅಟ್ಟಣೆ ಏಳುತ್ತದೆ, ಕವಣೆ ಬೀಸುತ್ತದೆ, ತಗಡಿನ ಡಬ್ಬ ಸದ್ದು ಮಾಡುತ್ತದೆ. ರಾಶಿ ಮುಗಿದು ಕಣ ಗುಡಿಸಿದ ಮೇಲೆ ಮಣ್ಣಿನಲ್ಲಿ ಬೆರೆತು ಉಳಿದದ್ದನ್ನು ಮಾತ್ರ ಬೆಳವ ಹೆಕ್ಕುತ್ತದೆ. ಆಗ ಕವಣೆ ಎತ್ತುವವರಿಲ್ಲ. ಕೊಯ್ಲಿಗೆ ಮುಂಚೆ ಅಟ್ಟುವುದು, ಕೊಯ್ಲಾದ ಮೇಲೆ ಬಿಟ್ಟುಬಿಡುವುದು: ಇದು ಬರದ ನಾಡು ಕಂಡುಕೊಂಡ ಹಂಚಿಕೆ. ಇಲ್ಲಿ ಎರೆ ಎಂದರೆ ಹೆಚ್ಚೆಂದರೆ ಹಿಡಿ ಕಾಳು. ಎಕರೆ ಕಾಳಿನ ಎರೆಗೆ ಬೇಕಾದದ್ದು ಹಸಿವಿಲ್ಲದ ಒಡೆಯ, ಸ್ವಂತದ ನೆಲ, ಬಿಡುವಿನ ಕೋವಿ.

4. ಎರಡು ಕಾನೂನು, ಒಂದು ಬಂಡೆ

ಅಮೆರಿಕದ ಕಾನೂನಿಗೂ ಎರೆಯ ಪ್ರಶ್ನೆ ಬಿಡಿಸಲಾಗದ ಗಂಟಾಯಿತು. 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆಯಡಿ, 1935ರಿಂದ ಕಾಳು ಚೆಲ್ಲಿ ವಲಸೆ ಹಕ್ಕಿಗಳನ್ನು ಬೇಟೆಯಾಡುವುದು ಅಲ್ಲಿ ನಿಷಿದ್ಧ. ಆದರೆ ಅದೇ ನೆಲದಲ್ಲಿ ಬೆಳೆದ ಪೈರನ್ನು ನಿಂತಲ್ಲೇ ಸವರಿ ಕಾಳು ಉದುರಿಸಿದರೆ ಬೆಳವದ ಮಟ್ಟಿಗೆ ತಪ್ಪಲ್ಲ. ಅದೇ ಕಾಳನ್ನು ಚೀಲದಲ್ಲಿ ತಂದು ಸುರಿದರೆ ಅಪರಾಧ. ಸುರಿದದ್ದನ್ನೆಲ್ಲ ಬಳಿದು ತೆಗೆದ ಮೇಲೂ 10 ದಿನ ಆ ಜಾಗ ಎರೆಯ ತಾಣವೆಂದೇ ಲೆಕ್ಕ. ಹಕ್ಕಿಯ ಕಣ್ಣಿಗೆ ಎರಡೂ ಒಂದೇ ಕಾಳು. ಕಾನೂನು ಗೆರೆ ಎಳೆದಿರುವುದು ಬೇಸಾಯಕ್ಕೂ ಚೆಲ್ಲಾಟಕ್ಕೂ ನಡುವೆ.

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೋಟ ಬೇರೆ. ಅದರ 2ನೇ ಕಲಮು ಬೇಟೆ ಎಂಬ ಪದದ ಅರ್ಥದೊಳಗೆ ಕೊಲ್ಲುವುದು, ವಿಷವಿಕ್ಕುವುದರ ಜೊತೆಗೆ ಹಿಡಿಯುವುದು, ಉರುಲು ಹಾಕುವುದು, ಅಟ್ಟುವುದು, ಎರೆಯೊಡ್ಡುವುದು ಇವನ್ನೆಲ್ಲ ಸೇರಿಸುತ್ತದೆ, ಪ್ರಯತ್ನವೂ ಬೇಟೆಯೇ. ಬೆಳವಗಳು ಕಾಯ್ದೆಯ ಅನುಸೂಚಿಗೆ ಸೇರಿದ ಹಕ್ಕಿಗಳಾದ್ದರಿಂದ, ಹೊಡೆಯುವ ಉದ್ದೇಶದಿಂದ ಅವಕ್ಕೆ ಕಾಳು ಚೆಲ್ಲಿದರೆ ಗುಂಡು ಹಾರುವ ಮೊದಲೇ ಅದು ಅಪರಾಧ.

ಹೆಸರು ಹಿಡಿದು ಜೀವಿಗಳನ್ನು ಕಾಯುವ ಈ ಅನುಸೂಚಿಯ ಕ್ರಮ ನಮ್ಮಲ್ಲಿ ಹಳೆಯದು. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೋದ, ಚಪಡನೆಂಬ ಲಿಪಿಕಾರ ಬರೆದ ಈ ಆಜ್ಞೆ ತಾಯಿತಂದೆಯರ ಸೇವೆ, ಸತ್ಯ, ಜೀವಿಗಳ ಬಗೆಗಿನ ದೃಢವಾದ ಕಾಳಜಿಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ಉತ್ತರದ ಕಂಬಗಳಲ್ಲಿ ಪಟ್ಟಾಭಿಷೇಕದ 26ನೇ ವರ್ಷ ಬರೆಸಿದ ಐದನೆಯ ಸ್ತಂಭಶಾಸನ ಇನ್ನೂ ಮುಂದೆ ಹೋಗಿ, ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಬಿಳಿ ಕಪೋತ, ಊರ ಕಪೋತಗಳನ್ನು ಹೆಸರಿಸಿಯೇ ಸೇರಿಸಿದೆ.

5. ಉಪಸಂಹಾರ

ಇಂದು ಈ ಸೀಮೆಯ ಬೆಳವದ ಎದುರಿಗಿರುವುದು ಬಲೆಗಿಂತ ದೊಡ್ಡ ಬದಲಾವಣೆ. ಚಳ್ಳಕೆರೆಯನ್ನು ಎಣ್ಣೆ ನಗರವಾಗಿಸಿದ ಶೇಂಗಾ ಸಿರಿಧಾನ್ಯದ ಹೊಲಗಳನ್ನು ಆವರಿಸಿತು. ಶೇಂಗಾ ಕಾಯಿ ಕಟ್ಟುವುದು ಮಣ್ಣಿನೊಳಗೆ, ಕೆದರಲಾರದ ಹಕ್ಕಿಗೆ ಅದು ಎಟುಕದು. ಯಾರೂ ಬಿತ್ತದೆ ಹುಲ್ಲಿನ ಬೀಜ ಉಣಿಸುತ್ತಿದ್ದ ಅಮೃತಮಹಲ್ ಕಾವಲುಗಳಲ್ಲಿ ಉಳ್ಳಾರ್ತಿ, ಕುದಾಪುರ ಕಡೆಯ ಸಾವಿರಾರು ಎಕರೆ ವೈಜ್ಞಾನಿಕ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. ಇತ್ತ 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಆಸುಪಾಸಿನಲ್ಲಿ ಕೊರಲೆಗೆ ಪೇಟೆಯಲ್ಲಿ ಮತ್ತೆ ಬೆಲೆ ಬಂದಿದೆ. ಬೆಲೆ ಬಂದ ಕಾಳನ್ನು ರೈತ ಉದುರಲು ಬಿಡುವುದಿಲ್ಲ. ಹಾಗಾಗಿ ಕೊರಲೆ ಮರಳಿ ಬಂದ ಮಾತ್ರಕ್ಕೆ ಬೆಳವದ ಪಾಲೂ ಮರಳಿತು ಎನ್ನುವಂತಿಲ್ಲ.

ಹುಣಸೆಮರದ ನೆರಳಿನ ಆ ನಾಲ್ಕು ಸಾಲು ಕೊರಲೆಯನ್ನು ಕೊಯ್ಯದೆ ಹಕ್ಕಿಗೆ ಬಿಟ್ಟರೆ, ಸಸ್ಯವಾಗಿ ನೋಡಿದಾಗ ಅದು ಅಮೆರಿಕದ ಬೇಟೆಹೊಲವೇ: ಅದೇ ಬೀಜ, ಅದೇ ಬಯಲು, ಅದೇ ಹಕ್ಕಿಯ ಬಳಗ. ವ್ಯತ್ಯಾಸ ಇರುವುದು ಹೊಲದ ಅಂಚಿನಲ್ಲಿ ಕೂತವನ ಕೈಯಲ್ಲಿ. ಕವಣೆ ಹಿಡಿದವನು ಕೊಯ್ಲಾದೊಡನೆ ಮನೆಗೆ ಹೋಗುತ್ತಾನೆ. ಕೋವಿ ಹಿಡಿದವನು ಬಂದು ಕೂರುವುದೇ ಆಗ.