ಊರಿನ ದೀಪ, ಊರಿನ ಸಹಕಾರ: ಒಂದು ಹಿನ್ನೋಟ



ಬೆಳ್ಳಿಹಬ್ಬದ ಸಂಚಿಕೆ ಅಂದಮೇಲೆ ಠೇವಣಿ, ಸಾಲ, ಲಾಭಾಂಶದ ಲೆಕ್ಕ ಇದ್ದೇ ಇರುತ್ತದೆ. ಇವುಗಳ ನಡುವೆ ಕರೆಂಟಿನ ಚರಿತ್ರೆಗೆ ಏನು ಕೆಲಸ ಅಂತ ನೀವು ಕೇಳಬಹುದು. ಗೋದಾಮಿನ ಮಾಳಿಗೆ ಮೇಲೆ ಸೋಲಾರ್ ಹಾಕಿಸಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಸಂಘದಲ್ಲಿ ಎದ್ದಿದೆ. "ಸಣ್ಣ ಅಣು ಸ್ಥಾವರಗಳು ಬರ್ತಾವಂತೆ, ಆಮೇಲೆ ಇದೆಲ್ಲ ಯಾಕೆ?" ಎನ್ನುವವರೂ ಇದ್ದಾರೆ. ಖರ್ಚಾಗುವುದು ಸದಸ್ಯರ ಮೀಸಲು ನಿಧಿ. ಆದ್ದರಿಂದ ಕೈ ಎತ್ತುವ ಮುಂಚೆ ಹಿಂದಿನದನ್ನು ಸ್ವಲ್ಪ ನೋಡೋಣ.

1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಮೈಸೂರು ಸಂಸ್ಥಾನವು ವಿದ್ಯುತ್ ತಯಾರಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಆ ಕರೆಂಟನ್ನು ಒಯ್ದದ್ದು ಕೋಲಾರದ ಚಿನ್ನದ ಗಣಿಗೆ. ತಂತಿ ಹಾದುಹೋದ ಹಳ್ಳಿಗಳ ಜನ ಸಂಜೆಯಾದರೆ ಎಣ್ಣೆ ದೀಪವನ್ನೇ ಹಚ್ಚಬೇಕಿತ್ತು. ದುಡ್ಡು ಕೊಡುವ ಗಿರಾಕಿ ಇದ್ದ ಕಡೆಗೆ ಕರೆಂಟು ಹರಿಯಿತು.

1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಅದೇ 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಹಕಾರ ಚಳವಳಿಯ ತಾಯಿಬೇರು ಎಂದು ನಾವು ಹೆಮ್ಮೆಪಡುವ ಸಂಘ ಅದು. ಒಂದೇ ವರ್ಷ ಬೆಳಗಿದ ಈ ಎರಡು ದೀಪಗಳು ಬಹುಕಾಲ ಪರಸ್ಪರ ಮುಖ ನೋಡಲಿಲ್ಲ. ಸಹಕಾರ ಸಂಘ ಬೀಜ ಗೊಬ್ಬರಕ್ಕೆ, ವಿದ್ಯುತ್ತು ಸರ್ಕಾರಕ್ಕೆ ಎಂಬಂತಾಯಿತು.

ಅಮೆರಿಕದಲ್ಲಿ ಹೀಗಾಗಲಿಲ್ಲ. 1930ರ ದಶಕದ ನಡುವಿನಲ್ಲಿ ಅಲ್ಲಿನ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟಿತ್ತು. ಹಳ್ಳಿಗೆ ಲೈನ್ ಎಳೆದರೆ ಗಿಟ್ಟುವುದಿಲ್ಲ ಎಂದು ಕಂಪನಿಗಳು ಕೈಚೆಲ್ಲಿದ್ದವು. ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಇಲಾಖೆ ತೆರೆದರು, 1936ರಲ್ಲಿ ಕಾಯಿದೆ ಬಂತು. ರೈತರು ಸಂಘ ಕಟ್ಟಿಕೊಂಡು, ಸರ್ಕಾರದಿಂದ ಕಡಿಮೆ ಬಡ್ಡಿಯ ಸಾಲ ಪಡೆದು, ಕಂಬ ನೆಟ್ಟು ತಂತಿ ಎಳೆಸಿಕೊಂಡರು.

ಆ ಗಾಳಿ ನಮ್ಮ ಕಡೆಗೂ ಬೀಸಿತು. 1969ರಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ನೋಂದಣಿಯಾಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ಸಂಘಗಳಲ್ಲಿ ಇದೊಂದು. ಆಂಧ್ರದ ಸಿರಿಸಿಲ್ಲ (ಈಗ ತೆಲಂಗಾಣ), ಮಹಾರಾಷ್ಟ್ರದ ಮುಳಾ-ಪ್ರವರಾ ಇನ್ನೆರಡು. ದೊಡ್ಡ ಜಾಲದಿಂದ ಕರೆಂಟನ್ನು ಸಗಟಾಗಿ ಕೊಂಡು ಸದಸ್ಯರಿಗೆ ಹಂಚುವುದು ಇವುಗಳ ಕೆಲಸ. ಲೈನ್‌ಮನ್ ಊರಿನವನು, ಬಿಲ್ಲು ಸಂಘದ್ದು, ತಕರಾರಿದ್ದರೆ ಕೇಳಲು ಆಡಳಿತ ಮಂಡಳಿ ಕೈಗೆಟಕುವಷ್ಟು ಹತ್ತಿರ. ಹುಕ್ಕೇರಿ ಸಂಘ ಇಂದಿಗೂ ನಡೆಯುತ್ತಿದೆ. ಮುಳಾ-ಪ್ರವರಾದಲ್ಲಿ ವಿದ್ಯುತ್ ಮಂಡಳಿಗೆ ಕಟ್ಟಬೇಕಾದ ಬಾಕಿ ಬೆಟ್ಟವಾಗಿ ಬೆಳೆದು, 2011ರಲ್ಲಿ ವಿತರಣೆಯ ಹಕ್ಕೇ ಕೈತಪ್ಪಿತು. ಪಾಠ ನಮಗೆ ಹೊಸದಲ್ಲ: ವಸೂಲಾತಿ ಇಲ್ಲದ ಸಂಘ ತಳವಿಲ್ಲದ ಕೊಡ.

ಅದೇ 1969ರಲ್ಲಿ ತಾರಾಪುರದಲ್ಲಿ ದೇಶದ ಮೊದಲ ಅಣು ವಿದ್ಯುತ್ ಸ್ಥಾವರ ಶುರುವಾಯಿತು. ನಮ್ಮ ರಾಜ್ಯದ ಪಾಲಿಗೆ ಬಂದದ್ದು ಕಾಳಿ ನದಿಯ ದಂಡೆಯ ಕೈಗಾ. ಅದು ಸುಲಭದ ದಾರಿಯಾಗಿರಲಿಲ್ಲ. ಕೈಗಾವನ್ನು ವಿರೋಧಿಸಿದ ಶಿವರಾಮ ಕಾರಂತರು ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರ ಲೋಕಸಭಾ ಚುನಾವಣೆಗೆ ನಿಂತಿದ್ದರು. 1994ರಲ್ಲಿ, ಇಂಧನ ತುಂಬುವ ಮೊದಲೇ, ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕುಸಿಯಿತು; ಅದನ್ನು ಮತ್ತೆ ಲೆಕ್ಕ ಹಾಕಿ ಕಟ್ಟಬೇಕಾಯಿತು. 2000ನೇ ಇಸವಿಯಲ್ಲಿ ಮೊದಲ ಎರಡು ಘಟಕಗಳು ಕೆಲಸಕ್ಕೆ ಬಂದವು. ನಮ್ಮ ಸಂಘಕ್ಕೂ ಕೈಗಾಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು ಎನ್ನಬಹುದು. ಈಗಿರುವ ನಾಲ್ಕು ಘಟಕಗಳು ತಲಾ 220 ಮೆಗಾವಾಟಿನವು. ಅದರಲ್ಲಿ ಒಂದನೇ ಘಟಕ 2018ರ ಡಿಸೆಂಬರ್ ವರೆಗೆ 962 ದಿನ ಎಡೆಬಿಡದೆ ಓಡಿ ಅಂದಿನ ವಿಶ್ವದಾಖಲೆ ಮಾಡಿತು. ವಿರೋಧಿಸಿದವರ ಕಾಳಜಿಯೂ ನಿಜ, ಯಂತ್ರ ನಡೆಸಿದವರ ನಿಷ್ಠೆಯೂ ನಿಜ.

ಈಗ ಮಾತು ಸಣ್ಣ ಸ್ಥಾವರಗಳದು. 2025ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕಾಗಿ 20,000 ಕೋಟಿ ರೂಪಾಯಿಯ ಯೋಜನೆ ಸಾರಲಾಯಿತು. 2033ರೊಳಗೆ ಸ್ವದೇಶಿ ಸಣ್ಣ ರಿಯಾಕ್ಟರುಗಳು ಕನಿಷ್ಠ ಐದು, 2047ಕ್ಕೆ ಒಟ್ಟು ಒಂದು ಲಕ್ಷ ಮೆಗಾವಾಟ್ ಅಣು ವಿದ್ಯುತ್ ಎಂಬುದು ಗುರಿ. ಇಂದಿನ ಕೈಗಾದಂಥ ನೂರಕ್ಕೂ ಹೆಚ್ಚು ಸ್ಥಾವರಗಳ ಶಕ್ತಿ ಅದು. "ಸಣ್ಣದು" ಎಂದ ಮಾತ್ರಕ್ಕೆ ಊರ ಪಕ್ಕದ ಹಿಟ್ಟಿನ ಗಿರಣಿಯಂತೆ ಎಂದು ಯಾರೂ ತಿಳಿಯಬಾರದು. ಲೋಕದಲ್ಲಿ 300 ಮೆಗಾವಾಟ್ ವರೆಗಿನದನ್ನು ಸಣ್ಣದು ಎನ್ನುತ್ತಾರೆ. ಆ ಅಳತೆಯಲ್ಲಿ ಕೈಗಾದ ಒಂದೊಂದು ಘಟಕವೂ ಸಣ್ಣದೇ! ಅದರ ಕರೆಂಟು ದೊಡ್ಡ ಜಾಲಕ್ಕೆ ಹೋಗುತ್ತದೆ, ಅಲ್ಲಿಂದ ಸರದಿಯ ಮೇಲೆ ನಮ್ಮ ಪಂಪ್‌ಸೆಟ್ಟಿಗೆ ಬರಬೇಕು. ಹಗಲು ರಾತ್ರಿ ಒಂದೇ ಸಮ ಕರೆಂಟು ಕೊಡುವುದು ಅಣುಶಕ್ತಿಯ ಬಲ. ನಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದು ಬಂದು ಸರಿಮಾಡುವುದಿಲ್ಲ.

ಹಾಗಾದರೆ ಊರಿಗೊಂದು ಕಿರುಜಾಲವೇ ಸಾಕೆ? ಸೋಲಾರ್ ಫಲಕ, ಬ್ಯಾಟರಿ, ಊರಿನದೇ ತಂತಿ ಇದ್ದರೆ ಅದು ಕಿರುಜಾಲ. 2003ರ ವಿದ್ಯುತ್ ಕಾಯಿದೆಯು ಸರ್ಕಾರ ಗೊತ್ತುಪಡಿಸಿದ ಗ್ರಾಮೀಣ ಪ್ರದೇಶಗಳಲ್ಲಿ ಲೈಸೆನ್ಸ್ ಇಲ್ಲದೆಯೂ ಉತ್ಪಾದಿಸಿ ಹಂಚಲು ದಾರಿ ಬಿಟ್ಟಿತು. 2014ರಲ್ಲಿ ಬಿಹಾರದ ಧರನಾಯಿ ಎಂಬ ಹಳ್ಳಿಯಲ್ಲಿ 100 ಕಿಲೋವಾಟ್ ಸೋಲಾರ್ ಕಿರುಜಾಲ ಬಂದಾಗ ದೇಶವೇ ಮೆಚ್ಚಿತು. ಸ್ವಲ್ಪ ಕಾಲದಲ್ಲೇ ಸರ್ಕಾರಿ ಲೈನು ಅಗ್ಗದ ದರದಲ್ಲಿ ಬಂತು. ಜನ ಆ ಕಡೆ ಹೊರಳಿದರು, ಬ್ಯಾಟರಿ ಸತ್ತವು, ಹೊಸದು ಹಾಕಲು ದುಡ್ಡಿರಲಿಲ್ಲ. ಕಿರುಜಾಲ ಮೂಲೆ ಸೇರಿತು.

ಇಷ್ಟನ್ನೂ ಕೂಡಿಸಿ ನೋಡಿದರೆ ದೊಡ್ಡದೋ ಸಣ್ಣದೋ ಎಂಬ ಜಗಳ ನಮಗೆ ಬೇಕಿಲ್ಲ ಎನಿಸುತ್ತದೆ. ದೊಡ್ಡ ಸ್ಥಾವರ ದೇಶಕ್ಕೆ ಬೇಕು. ಅದು ಎಲ್ಲಿ, ಹೇಗೆ ಎಂದು ಕೇಳುವ ಹಕ್ಕು ಆ ನೆಲದ ಜನಕ್ಕೆ ಇರಬೇಕು. ಸಣ್ಣ ಜಾಲ ಊರಿಗೆ ಬೇಕು. ಆದರೆ ಅದು ದೊಡ್ಡ ಲೈನಿನ ಜೊತೆ ಕೈಹಿಡಿದು ನಡೆಯಬೇಕು.

ಬರುವ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಮೂರು ಪ್ರಶ್ನೆ ಕೇಳಬೇಕೆಂದು ನಮ್ಮ ವಿನಂತಿ. ಹೆಚ್ಚಾದ ಕರೆಂಟನ್ನು ಲೈನಿಗೆ ಕೊಡುವ ಕರಾರು ಆಗಿದೆಯೆ? ಬ್ಯಾಟರಿ ಬದಲಿಸಲು ಪ್ರತಿವರ್ಷ ಬೇರೆ ನಿಧಿ ಎತ್ತಿಡುತ್ತೇವೆಯೆ? ಬಿಲ್ಲು ಕಟ್ಟದವರು ನಮ್ಮ ನೆಂಟರೇ ಆದರೂ ವಸೂಲು ಮಾಡುತ್ತೇವೆಯೆ? ಮೂರಕ್ಕೂ "ಹೌದು" ಎಂಬ ಉತ್ತರ ಬಂದರೆ ಧೈರ್ಯವಾಗಿ ಠರಾವು ಪಾಸು ಮಾಡೋಣ. ಒಂದಕ್ಕೆ "ನೋಡೋಣ" ಎಂದರೂ ಇನ್ನೊಂದು ವರ್ಷ ಕಾಯೋಣ. ಕಣಗಿನಹಾಳದ ಹಿರಿಯರು ನಮಗೆ ಬಿಟ್ಟುಹೋದ ಬಂಡವಾಳವೆಂದರೆ ಈ ಲೆಕ್ಕದ ಶಿಸ್ತೇ.