ನಾಲ್ಕನೆಯ ಸಲ ಬಾಸ್ಟನ್

2018ರ ಜನವರಿ ಕೊನೆಯ ವಾರದಲ್ಲಿ ಅಮೆರಿಕದ ಮಹಿಳಾ ಫುಟ್ಬಾಲ್ ತಂಡ 'ಬಾಸ್ಟನ್ ಬ್ರೇಕರ್ಸ್' ಬಾಗಿಲು ಹಾಕಿಕೊಂಡಿತು. ಕೊಳ್ಳುತ್ತೇವೆಂದು ಬಂದವರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದಿದ್ದರು. ಜನವರಿ 30ರಂದು ಲೀಗ್‌ನ ಉಳಿದ ತಂಡಗಳು ಬಾಸ್ಟನ್‌ನ ಆಟಗಾರ್ತಿಯರನ್ನು ಸರದಿಯ ಪ್ರಕಾರ ಹಂಚಿಕೊಂಡವು. ಮೊದಲ ಸರದಿಯಲ್ಲಿ ರೋಸ್ ಲವೆಲ್ ವಾಷಿಂಗ್ಟನ್ ತಂಡದ ಪಾಲಾದರು. ಮರುವರ್ಷದ ವಿಶ್ವಕಪ್ ಫೈನಲ್‌ನಲ್ಲಿ ಅಮೆರಿಕದ ಪರವಾಗಿ ಗೋಲು ಹೊಡೆದವರು ಇವರೇ. ಮನೆಯ ಯಜಮಾನ ತೀರಿಕೊಂಡಾಗ ಪಾತ್ರೆ ಪಗಡೆ ಹಂಚಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಹಂಚಿಕೆಯಾದವರು ಮನುಷ್ಯರು. ಯಾವ ಊರಿಗೆ ಹೋಗಬೇಕೆಂದು ಅವರನ್ನು ಯಾರೂ ಕೇಳಲಿಲ್ಲ.

ಇದು ಬಾಸ್ಟನ್ ತಂಡದ ಮೂರನೆಯ ಸಾವು. ಒಂದೇ ಊರು, ಒಂದೇ ಹೆಸರು, ಮೂರು ಬೇರೆ ಬೇರೆ ಲೀಗ್‌ಗಳು. ಕತೆ ಬರೆಯುವ ನಮ್ಮಂತಹವರು ಇದನ್ನು ಕಲ್ಪಿಸಿ ಬರೆದಿದ್ದರೆ, ಇದು ಅತಿಯಾಯಿತು ಎಂದು ಸಂಪಾದಕರು ಹಿಂದಕ್ಕೆ ಕಳಿಸುತ್ತಿದ್ದರು.

ಈ ಆಟದ ಬೇರು ಒಂದು ಕಾನೂನಿನಲ್ಲಿದೆ. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡೆಂದು ಭೇದ ಮಾಡಕೂಡದೆಂಬ 'ಟೈಟಲ್ ನೈನ್' ಕಾಯ್ದೆ 1972ರಲ್ಲಿ ಅಮೆರಿಕದಲ್ಲಿ ಬಂತು. ಕಾಲೇಜುಗಳು ಹೆಣ್ಣುಮಕ್ಕಳಿಗೂ ತಂಡ ಕಟ್ಟಬೇಕಾಯಿತು, ಕ್ರೀಡಾ ವಿದ್ಯಾರ್ಥಿವೇತನ ಕೊಡಬೇಕಾಯಿತು. ಹಾಗೆ ಬೆಳೆದ ಪೀಳಿಗೆ 1999ರ ಜುಲೈ 10ರಂದು ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ, 90,185 ಪ್ರೇಕ್ಷಕರ ಎದುರು, ಪೆನಾಲ್ಟಿ ಒದೆತಗಳಲ್ಲಿ ಚೀನಾವನ್ನು ಸೋಲಿಸಿ ವಿಶ್ವಕಪ್ ಗೆದ್ದಿತು. ಆ ಜನಸಾಗರವನ್ನು ಕಂಡು ಬಂಡವಾಳಗಾರರ ಕಣ್ಣು ತೆರೆಯಿತು. ಬಹುಶಃ ಬೇಕಿದ್ದಕ್ಕಿಂತ ಹೆಚ್ಚೇ ತೆರೆಯಿತು.

ಡಿಸ್ಕವರಿ ವಾಹಿನಿಯ ಸ್ಥಾಪಕ ಜಾನ್ ಹೆಂಡ್ರಿಕ್ಸ್ ಮುಂದಾಳತ್ವದಲ್ಲಿ 'ವಿಮೆನ್ಸ್ ಯುನೈಟೆಡ್ ಸಾಕರ್ ಅಸೋಸಿಯೇಷನ್' ಎಂಬ ಲೀಗ್ 2001ರ ಏಪ್ರಿಲ್‌ನಲ್ಲಿ ಎಂಟು ತಂಡಗಳೊಂದಿಗೆ ಆರಂಭವಾಯಿತು. ವಾಷಿಂಗ್ಟನ್‌ನಲ್ಲಿ ನಡೆದ ಮೊದಲ ಪಂದ್ಯಕ್ಕೆ 34,148 ಜನ ಬಂದರು. ಮದುವೆಗೆ ಬಂದ ಜನ ದಿನವೂ ಊಟಕ್ಕೆ ಬರುವುದಿಲ್ಲ. ಸರಾಸರಿ ಪ್ರೇಕ್ಷಕರ ಸಂಖ್ಯೆ ಮೊದಲ ವರ್ಷ 8,000ದ ಆಸುಪಾಸಿನಲ್ಲಿದ್ದದ್ದು ಮೂರನೆಯ ವರ್ಷ 7,000ಕ್ಕಿಂತ ಕೆಳಗಿಳಿಯಿತು. ಐದು ವರ್ಷಕ್ಕೆಂದು ಇಟ್ಟಿದ್ದ 4 ಕೋಟಿ ಡಾಲರ್ ಮೊದಲ ವರ್ಷದಲ್ಲೇ ಕರಗಿತ್ತು. ಲೀಗ್ ಉಳಿಯಲೆಂದು ಹಿರಿಯ ಆಟಗಾರ್ತಿಯರು ಸಂಬಳ ಕಡಿತಕ್ಕೂ ಒಪ್ಪಿದರು. ಆದರೂ 2003ರ ಸೆಪ್ಟೆಂಬರ್ 15ರಂದು, ವಿಶ್ವಕಪ್‌ಗೆ ಐದೇ ದಿನ ಉಳಿದಿರುವಾಗ, ಲೀಗ್ ಮುಚ್ಚಿತು. ಸಾರ್ಸ್ ರೋಗದ ಭೀತಿಯಿಂದ ಆ ವಿಶ್ವಕಪ್ಪನ್ನು ಚೀನಾದಿಂದ ಅಮೆರಿಕಕ್ಕೇ ತಂದಿದ್ದರು. ಅತಿಥಿಗಳು ಅಂಗಳಕ್ಕೆ ಬಂದಾಗ ಮನೆಯವರಿಗೆ ಕೆಲಸವಿರಲಿಲ್ಲ.

ಎರಡನೆಯ ಪ್ರಯತ್ನ 2009ರ 'ವಿಮೆನ್ಸ್ ಪ್ರೊಫೆಷನಲ್ ಸಾಕರ್'. ಬಾಸ್ಟನ್ ಮತ್ತೆ ಬಂತು. ಈ ಲೀಗ್‌ನ ಚರಿತ್ರೆಯನ್ನು ತಿಳಿಯಲು ಬ್ರೆಜಿಲ್‌ನ ಮಾರ್ತಾ ಒಬ್ಬರ ಹಿಂದೆ ನಡೆದರೆ ಸಾಕು. 2009ರಲ್ಲಿ ಅವರು ಲಾಸ್ ಏಂಜಲೀಸ್ ಸೋಲ್ ತಂಡದಲ್ಲಿದ್ದರು. 2010ರ ಜನವರಿಯಲ್ಲಿ ಆ ತಂಡ ಮುಚ್ಚಿತು. ಆ ವರ್ಷ ಅವರು ಎಫ್‌ಸಿ ಗೋಲ್ಡ್ ಪ್ರೈಡ್ ತಂಡಕ್ಕೆ ಆಡಿ ಪ್ರಶಸ್ತಿ ಗೆದ್ದುಕೊಟ್ಟರು. ಎರಡು ತಿಂಗಳೊಳಗೆ ಆ ತಂಡವೂ ಇಲ್ಲ! 2011ರಲ್ಲಿ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್ ಸೇರಿದರು, ಮತ್ತೆ ಪ್ರಶಸ್ತಿ. ಮರುವರ್ಷ ಲೀಗ್ ಇಲ್ಲ. ಸ್ವೀಡನ್‌ನ ಟೈರೆಸೋ ಕ್ಲಬ್ಬಿಗೆ ಹೋದರು. 2014ರಲ್ಲಿ ಅದೂ ದಿವಾಳಿಯಾಯಿತು. ಉರ್ದುವಿನಲ್ಲಿ ಅಲೆಮಾರಿಯನ್ನು 'ಖಾನಾಬದೋಶ್' ಎನ್ನುತ್ತಾರೆ, ಮನೆಯನ್ನು ಹೆಗಲ ಮೇಲೆ ಹೊತ್ತವನು ಎಂದರ್ಥ. ಜಗತ್ತಿನ ಶ್ರೇಷ್ಠ ಆಟಗಾರ್ತಿ ಎಂದು ಫಿಫಾ ಮತ್ತೆ ಮತ್ತೆ ಆರಿಸಿದ ಹೆಣ್ಣಿನ ಸ್ಥಿತಿ ಇದಾದರೆ, ಬೆಂಚಿನ ಮೇಲೆ ಕುಳಿತವರ ಪಾಡೇನು?

ಆ ಲೀಗ್ ಸಾಯಲು ಹಣದ ಕೊರತೆಯೊಂದೇ ಕಾರಣವಲ್ಲ. ವಾಷಿಂಗ್ಟನ್ ತಂಡವನ್ನು ಕೊಂಡ ಡ್ಯಾನ್ ಬೊರಿಸ್ಲೋ ಎಂಬ ಉದ್ಯಮಿ ಅದನ್ನು ಫ್ಲಾರಿಡಾಕ್ಕೆ ಒಯ್ದು, ತಾನು ಮಾರುತ್ತಿದ್ದ ಫೋನ್ ಸಾಧನದ ಹೆಸರನ್ನೇ ತಂಡಕ್ಕಿಟ್ಟರು: 'ಮ್ಯಾಜಿಕ್‌ಜ್ಯಾಕ್'. ಲೀಗ್ ಅವರನ್ನು ಹೊರಹಾಕಿತು, ಅವರು ನ್ಯಾಯಾಲಯಕ್ಕೆ ಹೋದರು, 2012ರ ಋತು ರದ್ದಾಯಿತು. ಮೇ ತಿಂಗಳಲ್ಲಿ ಲೀಗ್ ಮುಗಿಯಿತು.

2013ರಲ್ಲಿ ಮೂರನೆಯದಾಗಿ 'ನ್ಯಾಷನಲ್ ವಿಮೆನ್ಸ್ ಸಾಕರ್ ಲೀಗ್' ಹುಟ್ಟಿತು. ಮತ್ತೆ ಎಂಟು ತಂಡ, ಮತ್ತೆ ಬಾಸ್ಟನ್. ಈ ಸಲ ಹಿಸಾಬು ಬಿಗಿಯಾಗಿತ್ತು. ರಾಷ್ಟ್ರೀಯ ತಂಡದ ಆಟಗಾರ್ತಿಯರ ಸಂಬಳವನ್ನು ಅಮೆರಿಕ, ಕೆನಡಾ, ಮೆಕ್ಸಿಕೋ ಫುಟ್ಬಾಲ್ ಸಂಸ್ಥೆಗಳೇ ಕೊಟ್ಟವು. ಉಳಿದವರಿಗೆ ಒಂದು ಋತುವಿನ ಕನಿಷ್ಠ ಸಂಬಳ 6,000 ಡಾಲರ್. ಎಷ್ಟೋ ಮಂದಿ ಊರಿನ ಕುಟುಂಬಗಳ ಮನೆಗಳಲ್ಲಿ ಉಳಿದುಕೊಂಡು ಆಡಿದರು. ಬಾಸ್ಟನ್‌ನವರು ಕೊನೆಯ ವರ್ಷಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಣ್ಣ ಮೈದಾನದಲ್ಲಿ ಆಡುತ್ತಿದ್ದರು. ಹ್ಯೂಸ್ಟನ್, ಒರ್ಲ್ಯಾಂಡೋ ಸೇರಿದವು; ಕ್ಯಾನ್ಸಸ್ ಸಿಟಿ ತಂಡ ಮುಚ್ಚಿ ಅದರ ಆಟಗಾರ್ತಿಯರು ಯೂಟಾಕ್ಕೆ ಹೋದರು; 2020ರ ಕೊನೆಗೆ ಯೂಟಾದವರು ಕ್ಯಾನ್ಸಸ್ ಸಿಟಿಗೆ ಬಂದರು.

ಲೀಗ್ ಈ ಬಾರಿ ಉಳಿಯಿತು. ಆ ಉಳಿವಿಗೆ ತೆತ್ತ ಬೆಲೆ 2021ರಲ್ಲಿ ಬಯಲಾಯಿತು. ತರಬೇತುದಾರರ ಲೈಂಗಿಕ ದೌರ್ಜನ್ಯದ ಬಗ್ಗೆ ಆಟಗಾರ್ತಿಯರು ಬಹಿರಂಗವಾಗಿ ಮಾತಾಡಿದರು. ಮಾಜಿ ಸರ್ಕಾರಿ ವಕೀಲೆ ಸ್ಯಾಲಿ ಯೇಟ್ಸ್ 2022ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿ, ಇದು ಒಬ್ಬಿಬ್ಬರ ತಪ್ಪಲ್ಲ, ಇಡೀ ವ್ಯವಸ್ಥೆಯಲ್ಲೇ ಹರಡಿದ ರೋಗವೆಂದಿತು. ಎರಡು ಲೀಗ್‌ಗಳ ಹೆಣ ಕಂಡವರಿಗೆ, ಬಾಯಿ ಬಿಟ್ಟರೆ ಮೂರನೆಯದೂ ಹೋದೀತೆಂಬ ಭಯ ಸಹಜವಾಗಿತ್ತು. ಇರುವುದೇ ಭಾಗ್ಯ, ಸುಮ್ಮನಿರು ಎಂಬ ಮಾತನ್ನು ಕೇಳದ ಹೆಣ್ಣು ಯಾವ ದೇಶದಲ್ಲಿದ್ದಾಳೆ?

ವಿಚಿತ್ರವೆಂದರೆ, ಲೀಗ್‌ನ ಬೆಲೆ ಏರಿದ್ದೂ ಇದೇ ವರ್ಷಗಳಲ್ಲಿ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭಾಗದ ಬೇ ಎಫ್‌ಸಿ ಲೀಗ್‌ಗೆ ಸೇರಲು 5.3 ಕೋಟಿ ಡಾಲರ್ ಪ್ರವೇಶ ಶುಲ್ಕ ಕೊಟ್ಟಿತು. 2025ರ ಜನವರಿಯಲ್ಲಿ ಡೆನ್ವರ್ ಕೊಟ್ಟದ್ದು ಸುಮಾರು 11 ಕೋಟಿ. ಕ್ಯಾನ್ಸಸ್ ಸಿಟಿಯಲ್ಲಿ 2024ರ ಮಾರ್ಚ್‌ನಲ್ಲಿ ಮಹಿಳಾ ವೃತ್ತಿಪರ ತಂಡಕ್ಕೆಂದೇ ಕಟ್ಟಿದ 11,500 ಆಸನಗಳ ಮೊದಲ ಕ್ರೀಡಾಂಗಣ ತೆರೆಯಿತು. ಅಲ್ಲಿಯವರೆಗೆ ಇವರು ಗಂಡಸರ ಅಥವಾ ಕಾಲೇಜುಗಳ ಮೈದಾನದಲ್ಲಿ ಬಾಡಿಗೆದಾರರು. ಅದೇ ವರ್ಷ ನವೆಂಬರ್‌ನಲ್ಲಿ ಆ ಕ್ರೀಡಾಂಗಣದಲ್ಲೇ ಒರ್ಲ್ಯಾಂಡೋ ಪ್ರಶಸ್ತಿ ಗೆದ್ದಾಗ ತಂಡದ ನಾಯಕಿ 38 ವರ್ಷದ ಮಾರ್ತಾ.

ಕೋಟಿಗಳ ಲೆಕ್ಕಕ್ಕಿಂತ ನಮಗೆ ದೊಡ್ಡದಾಗಿ ಕಾಣುವುದು 2024ರ ಆಗಸ್ಟ್‌ನ ಕರಾರು. ಆಟಗಾರ್ತಿಯರ ಸಂಘ ಲೀಗ್‌ನೊಂದಿಗೆ ಮಾಡಿಕೊಂಡ ಈ ಒಪ್ಪಂದದ ಪ್ರಕಾರ, ಕಾಲೇಜು ಮುಗಿಸಿದವರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ 'ಡ್ರಾಫ್ಟ್' ಪದ್ಧತಿ ರದ್ದಾಯಿತು. ಹೊಸ ತಂಡಗಳು ಹಳೆಯ ತಂಡಗಳಿಂದ ಆಟಗಾರ್ತಿಯರನ್ನು ಎತ್ತಿಕೊಳ್ಳುವ ಕ್ರಮವೂ ಹೋಯಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಇನ್ನೊಂದು ತಂಡಕ್ಕೆ ಸಾಗಿಸುವಂತಿಲ್ಲ. ಅಮೆರಿಕದ ಗಂಡಸರ ದೊಡ್ಡ ಲೀಗ್‌ಗಳಲ್ಲಿ ಡ್ರಾಫ್ಟ್ ಆಗಿನ್ನೂ ಇತ್ತು.

2026ರ ಋತುವಿಗೆ ಡೆನ್ವರ್‌ನೊಂದಿಗೆ ಬಾಸ್ಟನ್ ನಾಲ್ಕನೆಯ ಸಲ ಬಂತು. ತಂಡಗಳು 16 ಆದವು. ಮೊದಲು ಇಟ್ಟ ಹೆಸರು, ಅದರ ಜೊತೆಗಿನ ಅಸಭ್ಯ ಜಾಹೀರಾತು ಜನರ ಸಿಟ್ಟಿಗೆ ಗುರಿಯಾಗಿ, ಮಾಲೀಕರು ಕ್ಷಮೆ ಕೇಳಿ 'ಬಾಸ್ಟನ್ ಲೆಗಸಿ' ಎಂದು ಬದಲಿಸಿಕೊಂಡರು. ಹಳೆಯ ಬ್ರೇಕರ್ಸ್ ಹೆಸರು ಮಾತ್ರ ಮರಳಲಿಲ್ಲ. ಈ ತಂಡಕ್ಕೆ ಹಂಚಿಕೆಯಲ್ಲಿ ಯಾರೂ ಸಿಗಲಿಲ್ಲ. ಬರುತ್ತೀರಾ ಎಂದು ಒಬ್ಬೊಬ್ಬರನ್ನೇ ಕೇಳಬೇಕಾಯಿತು.