ವೀಡಿಯೋ ಆಟಗಳ ಪ್ರಕಾಶನಪೂರ್ವ ಸಿದ್ಧತ್ವವಿಚಾರ

ಸನ್ 2022ನೆಯ ಇಸವಿಯ ಸಪ್ಟೆಂಬರ 18ನೆಯ ತಾರೀಖಿಗೆ, ರಾಕ್‌ಸ್ಟಾರ್ ಗೇಮ್ಸ್ ಎಂಬ ಸಂಸ್ಥೆಯು ರಚಿಸುತ್ತಲಿದ್ದ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಲಿಕೆಯ ಆರನೆಯ ವೀಡಿಯೋ ಆಟದ ಸುಮಾರು 90 ಚಿತ್ರತುಣುಕುಗಳು ಕಳವಾಗಿ ಲೋಕದ ಕಣ್ಣಿಗೆ ಬಿದ್ದವು. ಅವು ತನ್ನವೇ ಎಂದು ಸಂಸ್ಥೆಯು ಮರುದಿನ ಒಪ್ಪಿಕೊಂಡಿತು. ಆ ತುಣುಕುಗಳಲ್ಲಿ ಕಂಡದ್ದು ಮುಗಿದ ಆಟವಲ್ಲ. ಪರದೆಯ ಮೇಲೆ ಕೆಲಸಗಾರರ ಉಪಯೋಗಕ್ಕೆಂದು ಮೂಡಿಸಿದ ಅಂಕಿ-ಅಕ್ಷರಗಳೂ ಪೂರ್ಣ ರೂಪ ತಾಳದ ನೋಟಗಳೂ ಅಲ್ಲಿದ್ದವು. ನೋಡಿದವರಲ್ಲಿ ಹಲವರು ಹಳಿದರು. ಆಟದಲ್ಲಿ ಮೊದಲು ಮುಗಿಯುವದು ಚಿತ್ರಭಾಗವೇ, ಆದಕಾರಣ ಈಗ ಕಂಡದ್ದೇ ಕೊನೆಗೂ ಉಳಿಯುವದು ಎಂದು ಕೆಲವರು ನಿರ್ಣಯವನ್ನೇ ಕೊಟ್ಟುಬಿಟ್ಟರು. ಇದನ್ನು ಕೇಳಿ ಆಟಗಳನ್ನು ರಚಿಸುವವರು ತಮ್ಮ ತಮ್ಮ ಹಳೆಯ ಕಚ್ಚಾ ರೂಪಗಳನ್ನು ತೋರಿಸತೊಡಗಿದರು. 2016ರಲ್ಲಿ ಹೊರಬಂದು ಸೌಂದರ್ಯಕ್ಕಾಗಿ ಹೆಸರಾದ ‘ಅನ್‌ಚಾರ್ಟೆಡ್ 4’ರ ಬಂಡಿಗಳ ಬೆನ್ನಟ್ಟುವಿಕೆಯು ಮೊದಲು ಬರಿಯ ಚೌಕ ಪೆಟ್ಟಿಗೆಗಳ ನಡುವೆ ನಡೆದಿತ್ತೆಂಬದು ಹೀಗೆ ಜನರಿಗೆ ತಿಳಿಯಿತು.

ಈ ವಿವಾದದಲ್ಲಿ ಪರಿಹಾಸವು ಬಹಳ, ವಿಚಾರವು ಅತ್ಯಲ್ಪ. ವಿಷಯವಾದರೋ ನಮ್ಮ ನಾಡಿಗೆ ದೂರದ್ದಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಶ್ರೀ ರಾಜೇಶ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಎಂಬದು ಈ ದೇಶದ ಮೊದಲ ಆಟರಚನಾಶಾಲೆಗಳಲ್ಲೊಂದು. ಪರದೇಶದ ಆಟಗಳಿಗೆ ಬೇಕಾದ ಬಂಡಿ, ಕಟ್ಟಡ, ವಸ್ತುಗಳ ಚಿತ್ರಗಳನ್ನು ರಚಿಸಿ ಕೊಟ್ಟು ಆ ಶಾಲೆಯು ಬಾಳಿತು. 2019ರಲ್ಲಿ ರಾಕ್‌ಸ್ಟಾರ್‌ದ ಒಡೆತನವುಳ್ಳ ಟೇಕ್-ಟೂ ಸಂಸ್ಥೆಯು ಅದನ್ನು ಕೊಂಡು, ಬೆಂಗಳೂರಿನಲ್ಲಿದ್ದ ತನ್ನ ಶಾಖೆಯಲ್ಲಿ ಕೂಡಿಸಿತು. ಆದುದರಿಂದ ‘ಆಟವೊಂದು ಪ್ರಕಾಶನಕ್ಕೆ ಮುಂಚೆ ಎಷ್ಟರ ಮಟ್ಟಿಗೆ ಸಿದ್ಧವಾಗಿರುತ್ತದೆ?’ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ, ನಮ್ಮ ಶಾಸ್ತ್ರಗಳ ಪರಿಭಾಷೆಯಲ್ಲಿ ವಿಚಾರಿಸುವದು ಅನುಚಿತವಾಗಲಾರದು.

ವೈಯಾಕರಣರು ‘ಸಿದ್ಧ’, ‘ಸಾಧ್ಯ’ ಎಂದು ಎರಡು ಅವಸ್ಥೆಗಳನ್ನು ಹೇಳುವರು. ಆಗಿ ನಿಂತದ್ದು ಸಿದ್ಧ; ಆಗುತ್ತಲಿರುವದು ಸಾಧ್ಯ. ‘ಅಡಿಗೆ’ ಎಂದರೆ ಸಿದ್ಧವಾದ ವಸ್ತು. ‘ಅಡುತ್ತಾನೆ’ ಎಂದರೆ ಒಲೆ ಹೊತ್ತಿಸುವದು ಮೊದಲಾಗಿ ಪಾತ್ರೆ ಇಳಿಸುವವರೆಗಿನ ಕ್ರಿಯಾಸಮೂಹ. ವೀಡಿಯೋ ಆಟವು ಕೊಳ್ಳುವವನಿಗೆ ಸಿದ್ಧವಸ್ತುವಾಗಿ ತೋರುವದು; ರಚಿಸುವವನಿಗೆ ಅದು ಕೊನೆಯ ದಿವಸದವರೆಗೂ ಕ್ರಿಯೆಯೇ. ಆ ಕ್ರಿಯೆಯ ಕ್ರಮ ಹೀಗಿದೆ: ಮೊದಲು ಬಣ್ಣವಿಲ್ಲದ ಪೆಟ್ಟಿಗೆಗಳಿಂದ ಊರು-ಬೀದಿಗಳ ಆಕಾರವನ್ನಿಟ್ಟು, ಆಡುವ ಕ್ರಮವು ಸರಿಹೋಗುವದೋ ಎಂದು ನೋಡುವರು. ಆಟದ ಎಲ್ಲ ಕ್ರಿಯೆಗಳೂ ಒಳಗೆ ಸೇರಿದ ಅವಸ್ಥೆಗೆ ಆಲ್ಫಾ ಎಂದೂ, ಎಲ್ಲ ದೃಶ್ಯ-ಶಬ್ದ-ಕಥಾಭಾಗಗಳೂ ಸೇರಿ ದೋಷಶೋಧನೆಯೊಂದೇ ಉಳಿದ ಅವಸ್ಥೆಗೆ ಬೀಟಾ ಎಂದೂ ಹೆಸರು. ಪ್ರತಿಗಳನ್ನು ಮಾಡಲು ಕಳುಹುವ ಮೂಲಪ್ರತಿಗೆ ‘ಗೋಲ್ಡ್’ ಎನ್ನುವರು. ಬೆಳಕು, ನೆರಳು, ಮುಖದ ಕಾಂತಿ ಮೊದಲಾದ ಸಂಸ್ಕಾರಗಳು ಬಹುಮಟ್ಟಿಗೆ ಉತ್ತರಾರ್ಧದಲ್ಲಿ ಆಗತಕ್ಕವು.

ಕಾರವಾರ-ಅಂಕೋಲೆಗಳ ಕಡೆಯ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಚೌತಿಗೆ ಹದಿನೈದು ದಿವಸ ಮುಂಚೆ ಗಣಪತಿಯನ್ನು ಮಾಡುವವರ ಮನೆಯನ್ನು ಹೊಕ್ಕು ನೋಡಿದರೆ, ಅಲ್ಲಿರುವದು ಸೊಂಡಿಲು ಬಾಗಿದ ಹಸಿಮಣ್ಣು. ಬಣ್ಣವಿಲ್ಲ, ಕಿರೀಟಕ್ಕೆ ಹೊಳಪಿಲ್ಲ, ಕಣ್ಣಂತೂ ಇಲ್ಲವೇ ಇಲ್ಲ. ನೇತ್ರೋನ್ಮೀಲನವು ಕೊನೆಯ ಕೆಲಸವೆಂಬದು ಶಿಲ್ಪಿಗಳ ಸಂಪ್ರದಾಯ. ಕಣ್ಣಿಲ್ಲದ ಮಣ್ಣನ್ನು ಕಂಡು ಈ ವರ್ಷದ ಗಣಪತಿ ಕುರುಡನೆಂದು ಊರೊಳಗೆ ಸಾರಿದರೆ ಕೇಣಿಯ ಚಿಕ್ಕ ಹುಡುಗರೂ ನಕ್ಕಾರು. 2022ರ ನಿಂದಕರು ಮಾಡಿದ್ದು ಇಷ್ಟೇ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಪಗಡೆ, ಚೆನ್ನೆಮಣೆಗಳೂ ಆಟಗಳೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಎಷ್ಟೋ ಹಾಸಿನ ಆಟಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಈ ಅಪೂರ್ಣತೆಯ ಗದ್ದಲವೇಕಿಲ್ಲ? ಉತ್ತರ ಸುಲಭವಾಗಿದೆ. ಹಾಸಿನ ಆಟದಲ್ಲಿ ನಿಯಮವನ್ನು ನಡೆಯಿಸುವವರು ಆಡುವವರೇ. ನಿಯಮದಲ್ಲಿ ಎಲ್ಲಿಯಾದರೂ ಸಂದು ಬಿದ್ದಿದ್ದರೆ ಜಗಲಿಯ ಮೇಲೆ ಕುಳಿತ ನಾಲ್ವರು ಮಾತಾಡಿ ಅದನ್ನು ಮುಚ್ಚಿಕೊಳ್ಳುವರು. ವೀಡಿಯೋ ಆಟದಲ್ಲಿ ನಿಯಮವನ್ನು ನಡೆಯಿಸುವದು ಯಂತ್ರ. ಅದಕ್ಕೆ ಬರೆದು ಕೊಟ್ಟದ್ದರ ಹೊರತು ವಿವಕ್ಷೆಯೆಂಬದು ತಿಳಿಯದು. ಬರೆದವನು ಬಿಟ್ಟ ಸಂದಿನೊಳಗೆ ಆಡುವವನು ಬೀಳಲೇಬೇಕು.

ಬೀಳುವ ಮಾತು ಅಕ್ಷರಶಃ ನಿಜವಾದ ದೃಷ್ಟಾಂತವೊಂದುಂಟು. ಅಮೇರಿಕೆಯ ಅಟಾರಿ ಸಂಸ್ಥೆಯು 1982ರ ಡಿಸೆಂಬರದಲ್ಲಿ ‘ಇ.ಟಿ.’ ಎಂಬ ಚಲಚ್ಚಿತ್ರವನ್ನನುಸರಿಸಿದ ಆಟವನ್ನು ಹೊರಡಿಸಿತು. ಕ್ರಿಸ್‌ಮಸ್ ಹಬ್ಬದ ವ್ಯಾಪಾರವನ್ನು ಹಿಡಿಯಬೇಕೆಂಬ ಆತುರದಿಂದ ಹೊವರ್ಡ್ ಸ್ಕಾಟ್ ವಾರ್‌ಶಾ ಎಂಬವರಿಗೆ ಅದರ ರಚನೆಗೆ ಸಿಕ್ಕಿದ್ದು ಸುಮಾರು ಐದು ವಾರಗಳ ಅವಧಿ. ಆಟದ ನಾಯಕನು ಹೆಜ್ಜೆಹೆಜ್ಜೆಗೂ ಕುಣಿಗಳಲ್ಲಿ ಬೀಳುವನು; ಮೇಲೆ ಬಂದೊಡನೆ ಮತ್ತೆ ಬೀಳುವನು. ಸುಮಾರು 40 ಲಕ್ಷ ಪ್ರತಿಗಳು ತಯಾರಾಗಿ, ಅವುಗಳಲ್ಲಿ ಬಹುಪಾಲು ಮಾರಾಟವಾಗದೆ ಉಳಿದವು. 1983ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಅಟಾರಿಯ ಸರಕನ್ನು ಹೂಳಲಾಯಿತು. 2014ರ ಏಪ್ರಿಲದಲ್ಲಿ ಅಗೆದಾಗ ಈ ಆಟದ ಪ್ರತಿಗಳೂ ಸಿಕ್ಕವು. ಭೂಮಿಯನ್ನಗೆದು ತಾಮ್ರಪಟಗಳನ್ನು ತೆಗೆಯುವ ನಮ್ಮಂಥ ಸಂಶೋಧಕರಿಗೆ ಈ ಉತ್ಖನನವು ವಿನೋದವಾಗಿ ಕಂಡೀತು. ಆದರೆ ಸಾಮ್ಯವು ಅಷ್ಟಕ್ಕೇ ನಿಲ್ಲದು. ಆ ಕಾಲದ ಆಟವು ಒಂದು ಚಿಕ್ಕ ಕರಡಿಗೆಯೊಳಗಿನ ಯಂತ್ರಭಾಗದಲ್ಲಿ ಅಳಿಸಲಾಗದಂತೆ ಅಚ್ಚಾಗಿರುತ್ತಿತ್ತು. ತಾಮ್ರಶಾಸನವೂ ಹಾಗೆಯೇ. ಕೊರೆದ ಮೇಲೆ ಅಕ್ಷರ ಬಿಟ್ಟದ್ದು ತಿಳಿದರೆ ಹಂಸಪಾದ ಹಾಕಿ ಸಾಲಿನ ಕೆಳಗೆ ಸೇರಿಸಬಹುದು. ಅದೂ ರಾಜಮುದ್ರೆ ಬಿದ್ದು ದಾನಿಯ ಕೈಬಿಡುವವರೆಗೆ ಮಾತ್ರ. ಕರಡಿಗೆಯ ಆಟಕ್ಕೆ ಹಂಸಪಾದವೂ ಇಲ್ಲ.

ಪುಸ್ತಕಗಳ ಅಚ್ಚು ಬಂದ ಮೇಲೆ ನಮ್ಮಲ್ಲಿ ಒಪ್ಪೋಲೆಯ ಪದ್ಧತಿ ಹುಟ್ಟಿತಷ್ಟೆ. ಗ್ರಂಥದ ಕೊನೆಗೆ ಶುದ್ಧಾಶುದ್ಧಪತ್ರಿಕೆಯನ್ನು ಹಚ್ಚಿ, ವಾಚಕರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವದು. ಆಟಗಳಿಗೆ ಒಪ್ಪೋಲೆಯು ದೊರೆತದ್ದು ಅಂತರ್ಜಾಲದಿಂದ. ಯಂತ್ರಗಳು ಜಾಲಕ್ಕೆ ಕೂಡಿಕೊಂಡ ಬಳಿಕ, ಮಾರಿದ ಆಟಕ್ಕೆ ತಿದ್ದುಪಡಿಯನ್ನು ದೂರದಿಂದ ಕಳುಹಲು ಬಂದಿತು. ಇದನ್ನು ಪ್ಯಾಚ್ ಎನ್ನುವರು. ಗ್ರಂಥದ ಒಪ್ಪೋಲೆಯಂತೆ ಇದನ್ನು ಓದುಗನು ಕೈಯಾರೆ ತಿದ್ದಿಕೊಳ್ಳಬೇಕಾಗಿಲ್ಲ. ತಿದ್ದುಪಡಿಯು ತಾನಾಗಿಯೇ ಮೂಲದಲ್ಲಿ ಸೇರುವದು. ಇದು ದೊಡ್ಡ ಉಪಕಾರವೆಂಬದರಲ್ಲಿ ಸಂಶಯವಿಲ್ಲ. ಆದರೆ ಉಪಕಾರದ ಬೆನ್ನಿಗೆ ಒಂದು ಆಲಸ್ಯವೂ ಬಂದಿತು. ಮೂಲಪ್ರತಿ ಕಳುಹಿದ ದಿನಕ್ಕೂ ಮಾರಾಟದ ದಿನಕ್ಕೂ ನಡುವಿನ ವಾರಗಳಲ್ಲಿ ತಿದ್ದಿ, ಮಾರಾಟದ ದಿನವೇ ಒಪ್ಪೋಲೆಯನ್ನು ಹೊರಡಿಸುವದು ರೂಢಿಯಾಯಿತು. ‘ಗೋಲ್ಡ್’ ಎಂಬ ಶಬ್ದವು ಉಳಿಯಿತು, ಅದರ ಅರ್ಥವು ಸವೆಯಿತು.

ಪೋಲಂಡ ದೇಶದ ಸಿಡಿ ಪ್ರಾಜೆಕ್ಟ್ ಸಂಸ್ಥೆಯ ‘ಸೈಬರ್‌ಪಂಕ್ 2077’ ಇದಕ್ಕೆ ಸಾಕ್ಷಿ. ಅದು 2020ರ ಏಪ್ರಿಲದಿಂದ ಸಪ್ಟೆಂಬರಕ್ಕೂ, ಅಲ್ಲಿಂದ ನವೆಂಬರಕ್ಕೂ ಮುಂದಕ್ಕೆ ಹೋಗಿತ್ತು. ಅಕ್ಟೋಬರ 5ಕ್ಕೆ ‘ಗೋಲ್ಡ್’ ಆಯಿತೆಂದು ಸಾರಿದ ಸಂಸ್ಥೆಯು ಅದೇ ತಿಂಗಳ 27ಕ್ಕೆ ಮತ್ತೆ 21 ದಿವಸಗಳ ಅವಧಿಯನ್ನು ಕೇಳಿತು. ಡಿಸೆಂಬರ 10ಕ್ಕೆ ಆಟವು ಹೊರಬಂದಾಗ ಮುಂಗಡವಾಗಿ ಕೊಂಡವರು 80 ಲಕ್ಷ ಜನ. ಹೊಸ ಕಂಪ್ಯೂಟರುಗಳಲ್ಲಿ ಅದು ಹೇಗೋ ನಡೆಯಿತು. ಹಳೆಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಯಂತ್ರಗಳಲ್ಲಿ ಮುಗ್ಗರಿಸಿತು. ಸೋನಿ ಸಂಸ್ಥೆಯು ಒಂದು ವಾರದೊಳಗೆ ಅದನ್ನು ತನ್ನ ಮಳಿಗೆಯಿಂದ ತೆಗೆದು ಹಣ ಮರಳಿಸಲೊಪ್ಪಿತು. 2021ರ ಜೂನ 21ರವರೆಗೆ ಅದು ಮರಳಿ ಬರಲಿಲ್ಲ. ಯಂತ್ರದೊಡೆಯರು ಆಟಗಳನ್ನು ಪರೀಕ್ಷಿಸಿಯೇ ಒಳಗೆ ಬಿಡುವರು. ಅಂಥಲ್ಲಿ ಇದು ಹೇಗೆ ದಾಟಿತೆಂದರೆ, ಬಿಡುಗಡೆಯ ಹೊತ್ತಿಗೆ ದೋಷಗಳನ್ನು ತಿದ್ದುವೆವೆಂಬ ನಂಬಿಗೆಯ ಮೇಲೆ ದಾಟಿತೆಂದು ಸಿಡಿ ಪ್ರಾಜೆಕ್ಟಿನವರೇ ಹೇಳಿದ್ದಾರೆ.

ಅಪೂರ್ಣವಾದದ್ದನ್ನು ಲೋಕಾರ್ಪಣ ಮಾಡುವದೇ ದೋಷವೆನ್ನೋಣವೆ? ಹಾಗಾದರೆ ಬೇಲೂರಿನ ಚೆನ್ನಕೇಶವನ ಗತಿಯೇನು? ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಇಂದು ನಾವು ಬೆರಗಾಗಿ ನೋಡುವ ನವರಂಗದ ಜಾಲಂಧ್ರಗಳು ಇದ್ದಿಲ್ಲ. ಅವು ಅವನ ಮೊಮ್ಮಗನಾದ ಇಮ್ಮಡಿ ಬಲ್ಲಾಳನ ಕಾಲದವು. ಹಳೇಬೀಡಿನ ಹೊಯ್ಸಳೇಶ್ವರದಲ್ಲಂತೂ ಕೆಲಸವು ಕೊನೆಗೂ ಮುಗಿಯಲಿಲ್ಲ. ಆದರೂ ಪೂಜೆಗೆ ಲೋಪ ಬರಲಿಲ್ಲ. ಇಲ್ಲಿ ಮೀಮಾಂಸಕರ ವಿವೇಕವು ನಮಗೆ ಉಪಯೋಗವಾಗುವದು. ಕರ್ಮದಲ್ಲಿ ಪ್ರಧಾನ, ಅಂಗ ಎಂದು ಎರಡು. ಬೇಲೂರಿನಲ್ಲಿ ಗರ್ಭಗೃಹ, ಮೂರ್ತಿ, ಪ್ರತಿಷ್ಠೆ ಎಂಬ ಪ್ರಧಾನವು ಪೂರ್ಣವಾಗಿತ್ತು, ಉಳಿದದ್ದು ಅಂಗ. ಹಳೆಯ ಯಂತ್ರಗಳ ಸೈಬರ್‌ಪಂಕಿನಲ್ಲಿ ಆಡುವದೆಂಬ ಪ್ರಧಾನಕ್ಕೇ ಕುಂದು.

ಇಷ್ಟರಿಂದಲೂ ವಿಚಾರ ಮುಗಿಯದು. ನಿತ್ಯಕರ್ಮದಲ್ಲಿ ಶಕ್ತಿಯಿದ್ದಷ್ಟು ಅಂಗಗಳನ್ನು ನಡೆಯಿಸಿದರೆ ಸಾಕೆಂದೂ, ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮದಲ್ಲಿ ಒಂದು ಅಂಗವೂ ತಪ್ಪಕೂಡದೆಂದೂ ಮೀಮಾಂಸಕರು ನಿರ್ಣಯಿಸಿರುವರು. ದೇವಾಲಯವು ಭಕ್ತಿಯಿಂದ ತಲೆತಲಾಂತರ ಬೆಳೆಯುವ ವಸ್ತು. ಅಲ್ಲಿ ಯಥಾಶಕ್ತಿನ್ಯಾಯವು ಒಪ್ಪುವದು. ಹಣ ಕೊಟ್ಟು ಕೊಂಡವನು ಕಾಮ್ಯದ ಯಜಮಾನನಂತೆ, ಹೇಳಿದ ಫಲವನ್ನು ಹೇಳಿದಷ್ಟೂ ಬಯಸುವನು. ಅವನ ಮುಂದೆ ‘ಯಥಾಶಕ್ತಿ ಮಾಡಿದ್ದೇವೆ, ಉಳಿದದ್ದು ಮುಂದೆ’ ಎನ್ನುವದು ನ್ಯಾಯವಲ್ಲ.

ನಮ್ಮ ಜಿಲ್ಲೆಯು ಇಂಥದನ್ನು ಹಿಂದೆಯೇ ಕಂಡಿದೆ. 1862ರಲ್ಲಿ, ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ, ಮ್ಯಾಂಚೆಸ್ಟರಿನ ಹತ್ತಿಯ ಕಂಪನಿಯವರು ಧಾರವಾಡದ ಹತ್ತಿಯನ್ನು ಕಾರವಾರದ ಬಂದರದಿಂದ ಸಾಗಿಸುವೆವೆಂದು ಅರಳೆ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಹೇರಿಕೊಂಡು ಸದಾಶಿವಗಡಕ್ಕೆ ಬಂದರು. ಸರಕಾರವು ಆಶೆ ಹುಟ್ಟಿಸಿದ್ದ ಘಟ್ಟದ ರಸ್ತೆ ಮುಗಿದಿರಲಿಲ್ಲ. ಸರಕನ್ನಿಳಿಸುವ ಧಕ್ಕೆಯೂ ಇದ್ದಿಲ್ಲ. ಯಂತ್ರವಿತ್ತು, ಹತ್ತಿ ಬರುವ ದಾರಿ ಇದ್ದಿಲ್ಲ. ಅಂಗವೆಲ್ಲ ಬಂದು ಪ್ರಧಾನವು ಘಟ್ಟದ ಮೇಲೆಯೇ ಉಳಿಯಿತು.

ಹಾಗಾದರೆ ಅಪೂರ್ಣವಾದದ್ದನ್ನು ನ್ಯಾಯವಾಗಿ ಮಾರುವ ಮಾರ್ಗವೇ ಇಲ್ಲವೆ? ಉಂಟು. ಮಲೆನಾಡಿನ ಅಡಕೆಯ ತೋಟಗಳಲ್ಲಿ ಚೇಣಿ ಅಥವಾ ಕೇಣಿ ಎಂಬ ಪದ್ಧತಿಯನ್ನು ವಾಚಕರು ಬಲ್ಲರು. (ಅಂಕೋಲೆಯ ಕೇಣಿ ಗ್ರಾಮದ ಹೆಸರಿಗೂ ಈ ಶಬ್ದಕ್ಕೂ ನಂಟು ಕಟ್ಟುವದು ಈ ಲೇಖನದ ಕಾರ್ಯವಲ್ಲ.) ಮರದ ಮೇಲಿನ ಫಸಲನ್ನು ಕೊಯ್ಲಿಗೆ ಮುಂಚೆಯೇ ಕೊಳ್ಳುವ ಕೇಣಿದಾರನು ತೋಟವನ್ನೆಲ್ಲ ತಿರುಗಿ, ಗೊನೆಗಳನ್ನು ಕಣ್ಣಾರೆ ಕಂಡು, ಕೊಳೆರೋಗದ ಭಯವನ್ನೂ ಲೆಕ್ಕಕ್ಕೆ ಹಿಡಿದು ಬೆಲೆ ಕಟ್ಟುವನು. ಆಟಗಳಲ್ಲಿಯೂ ಕೇಣಿಯುಂಟು. ‘ಮೈನ್‌ಕ್ರಾಫ್ಟ್’ ಎಂಬದು 2009ರಲ್ಲಿ ಆಲ್ಫಾ ಅವಸ್ಥೆಯಲ್ಲೇ ಕಡಿಮೆ ಬೆಲೆಗೆ ಮಾರಾಟವಾಗಿ, 2011ರ ನವೆಂಬರ 18ಕ್ಕೆ ಪೂರ್ಣವೆಂದು ಹೊರಬಂದಿತು. ಸ್ಟೀಮ್ ಎಂಬ ಮಳಿಗೆಯು 2013ರ ಮಾರ್ಚಿನಲ್ಲಿ ಇಂಥವುಗಳಿಗೆ ಬೇರೆಯೇ ಒಂದು ವಿಭಾಗವನ್ನು ತೆರೆಯಿತು. ಬೆಲ್ಜಿಯಂದ ಲಾರಿಯನ್ ಸಂಸ್ಥೆಯು ‘ಬಾಲ್ಡರ್ಸ್ ಗೇಟ್ 3’ನ್ನು 2020ರ ಅಕ್ಟೋಬರದಲ್ಲಿ ಪೂರ್ಣ ಬೆಲೆಗೇ ಮಾರಿತು; ಆದರೆ ಇದು ಮೊದಲ ಅಂಕ ಮಾತ್ರ, ದೋಷಗಳಿವೆ ಎಂದು ಮುಂಚೆಯೇ ಸಾರಿ, 2023ರ ಆಗಸ್ಟ 3ಕ್ಕೆ ಸಮಗ್ರ ಆಟವನ್ನು ಕೊಟ್ಟಿತು. ಇವರು ತೋಟವನ್ನು ತೋರಿಸಿಯೇ ಮಾರಿದರು. ಸೈಬರ್‌ಪಂಕಿನ ಬಿಡುಗಡೆಗೆ ಮುನ್ನ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರಿನ ಪ್ರತಿಯೊಂದೇ. ಹಳೆಯ ಯಂತ್ರಗಳ ಪ್ರತಿಯನ್ನು ಹೊರಗಿನವರಾರೂ ಆಡಿ ನೋಡಿರಲಿಲ್ಲ. ಬೇರೆ ತೋಟದ ಗೊನೆಯನ್ನು ತೋರಿಸಿ ಈ ತೋಟದ ಕೇಣಿ ಮುರಿದಂತಾಯಿತು. ಆ ಆಟವು 2023ರ ಸಪ್ಟೆಂಬರದ 2.0 ಎಂಬ ತಿದ್ದುಪಡಿಯ ಹೊತ್ತಿಗೆ ಚೆನ್ನಾಗಿಯೇ ಸಿದ್ಧವಾಯಿತೆಂಬದನ್ನೂ ಹೇಳಬೇಕು. ಆದರೆ 2020ರಲ್ಲಿ ಹಣ ಕೊಟ್ಟವನು ಕೊಂಡದ್ದು 2023ರ ಆಟವನ್ನಲ್ಲ.

ಈ ದೃಷ್ಟಿಯಿಂದ ನೋಡಿದರೆ 2022ರಲ್ಲಿ ಕದ್ದು ತೋರಿಸಿದ ತುಣುಕುಗಳ ಮೇಲೆ ನಿರ್ಣಯ ಕೊಡುವದಕ್ಕೆ ಯಾರಿಗೂ ಅಧಿಕಾರವಿದ್ದಿಲ್ಲ. ಅದನ್ನು ಆಗ ಯಾರೂ ಮಾರಿರಲಿಲ್ಲ, ಯಾರೂ ಕೊಂಡಿರಲಿಲ್ಲ. 2023ರ ಡಿಸೆಂಬರದಲ್ಲಿ ಅದರ ಮೊದಲ ಅಧಿಕೃತ ಚಿತ್ರವು ಹೊರಬಂದಾಗ ಹಿಂದೆ ಹಳಿದವರ ಧ್ವನಿ ಎಲ್ಲಿಯೂ ಕೇಳಿಸಲಿಲ್ಲ. ಆಗ 2025ಕ್ಕೆ ಗೊತ್ತಾಗಿದ್ದ ಬಿಡುಗಡೆಯನ್ನು ಸಂಸ್ಥೆಯು 2025ರ ಮೇದಲ್ಲಿ 2026ರ ಮೇ 26ಕ್ಕೂ, ನವೆಂಬರದಲ್ಲಿ 2026ರ ನವೆಂಬರ 19ಕ್ಕೂ ಮುಂದೂಡಿತು. ಎರಡು ಸಲವೂ ಸಂಸ್ಥೆಯು ಕ್ಷಮೆ ಕೇಳಿ ಕೊಟ್ಟ ಕಾರಣವು ಒಂದೇ: ಬಯಸಿದಷ್ಟು ಸಂಸ್ಕಾರವು ಇನ್ನೂ ಆಗಬೇಕಾಗಿದೆ ಎಂಬದು.